ಹಕ್ಕು ಯಾರದು?

ಕನ್ನಡದಲ್ಲಿ ದಿನಬೆಳಗಾದರೆ ಬಳಕೆಯಾಗುವ 'ಹಕ್ಕು' ಎಂಬ ಮಾತು ಅರಬಿಯ 'ಹಕ್' ಎಂಬುದರಿಂದ ಬಂದದ್ದು. ವಕೀಲ, ಅರ್ಜಿ, ಕಾನೂನು, ತಕರಾರು, ಅಮಲ್ದಾರ ಇವೆಲ್ಲ ಅದೇ ದಾರಿಯಲ್ಲಿ ಬಂದು ಮೊದಲು ಕಚೇರಿಯಲ್ಲಿ ಕೂತು, ಆಮೇಲೆ ಮನೆಯೊಳಗೆ ಬಂದು ಮನೆಯವೇ ಆದವು. ಅರಬಿಯಲ್ಲಿ 'ಹಕ್' ಎಂದರೆ ಸತ್ಯ ಎಂಬ ಅರ್ಥವೂ ಇದೆ. ದೇವರ ಹೆಸರುಗಳಲ್ಲಿ ಅದೂ ಒಂದು. ಕನ್ನಡಕ್ಕೆ ಬರುವಾಗ ಆ ಅರ್ಥ ದಾರಿಯಲ್ಲೇ ಉದುರಿಹೋಗಿ, ಒಬ್ಬರಿಗೆ ಸಲ್ಲಬೇಕಾದದ್ದು ಎಂಬ ಅರ್ಥವಷ್ಟೇ ಉಳಿಯಿತು. ಅದೂ ಸಣ್ಣದೇನಲ್ಲ.

ನಾವು ಈ ಮಾತನ್ನು ಎರಡು ಸಲ ಕಲಿತೆವು. ಮೊದಲ ಸಲ ಭದ್ರಾವತಿಯ ಮದರಸಾದಲ್ಲಿ, ಅಸರ್ ನಮಾಜು ಮುಗಿದ ಮೇಲೆ. ಹಕ್ಕುಗಳು ಎರಡು ಬಗೆ ಎಂದು ಉಸ್ತಾದರು ಹೇಳುತ್ತಿದ್ದರು. ಒಂದು ಹುಕೂಕುಲ್ಲಾಹ್, ಅಂದರೆ ದೇವರಿಗೆ ಸಲ್ಲಬೇಕಾದದ್ದು. ಇನ್ನೊಂದು ಹುಕೂಕುಲ್ ಇಬಾದ್, ಮನುಷ್ಯರಿಗೆ ಸಲ್ಲಬೇಕಾದದ್ದು. ನಮಾಜು ತಪ್ಪಿದರೆ, ರೋಜಾ ತಪ್ಪಿದರೆ ಅಲ್ಲಾಹನ ಎದುರು ತೌಬಾ ಮಾಡಬಹುದು, ಅವನು ದಯಾಳು. ಆದರೆ ಪಕ್ಕದ ಮನೆಯವನ ಹಕ್ಕನ್ನು ಕಿತ್ತುಕೊಂಡಿದ್ದರೆ ಆ ಪಕ್ಕದ ಮನೆಯವನೇ ಮಾಫ್ ಮಾಡಬೇಕು. ಅವನ ಪರವಾಗಿ ದೇವರೂ ಮಾಫ್ ಮಾಡುವುದಿಲ್ಲ ಎಂದು ಉಸ್ತಾದರು ಹೇಳಿದಾಗ ನಮಗೆ ಹೆದರಿಕೆಯಾಗಿತ್ತು. ಹಿಂದಿನ ವಾರವಷ್ಟೇ ನಾವು ಒಬ್ಬ ಹುಡುಗನ ಬಳಪ ಕದ್ದಿದ್ದೆವು. ಅವನ ಅಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ಅವರು ಬೇರೆ ಕಡೆ ಮನೆ ಮಾಡಿದ್ದರು. ಎಲ್ಲಿ ಹುಡುಕುವುದು?

ಎರಡನೇ ಸಲ ಕಲಿತದ್ದು ಉರ್ದು ಶಾಲೆ ಬಿಟ್ಟು ಕನ್ನಡ ಹೈಸ್ಕೂಲು ಸೇರಿದ ಮೇಲೆ, ಪೌರನೀತಿಯ ಪಾಠದಲ್ಲಿ. ಬೋರ್ಡಿನ ಮೇಲೆ 'ಮೂಲಭೂತ ಹಕ್ಕುಗಳು' ಎಂದು ಮೇಷ್ಟ್ರು ಬರೆದರು. ಸಂಸ್ಕೃತದ 'ಮೂಲಭೂತ'ದ ಪಕ್ಕದಲ್ಲಿ ನಮ್ಮ ಮದರಸಾದ ಹಕ್ಕು ಕೂತಿತ್ತು. ಪರವೂರಿನಲ್ಲಿ ನೆಂಟರ ಮುಖ ಕಂಡ ಹಾಗಾಯಿತು. ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ಸಂವಿಧಾನದ ಪೀಠಿಕೆ ಇತ್ತು: 'ಭಾರತದ ಪ್ರಜೆಗಳಾದ ನಾವು'. ಉರ್ದುವಿನಲ್ಲಿ ನಾವು ಅದನ್ನು 'ಹಮ್, ಭಾರತ್ ಕೆ ಅವಾಮ್' ಎಂದು ಓದಿದ್ದೆವು. ಉರ್ದುವಿನ 'ಹಮ್'ಗೆ ಒಂದು ಗುಣವಿದೆ. ಅದು ಹಲವರನ್ನೂ ಹೇಳುತ್ತದೆ, ಅದಬಿಗಾಗಿ ಒಬ್ಬನೇ ತನ್ನನ್ನು ಹೇಳಿಕೊಳ್ಳುವಾಗಲೂ ಬರುತ್ತದೆ. ನಾವು ಕನ್ನಡದಲ್ಲಿ ಬರೆಯುವಾಗಲೂ ಆ ಅಭ್ಯಾಸ ಬಿಟ್ಟಿಲ್ಲ. ಆದರೆ ವಯಸ್ಸಾದಂತೆ ಒಂದು ಪ್ರಶ್ನೆ ಕಾಡುತ್ತಿದೆ. 'ನಾವು' ಎಂದು ಆರಂಭವಾಗುವ ಆ ಗ್ರಂಥ ಒಳಗೆ ಕೊಡುವ ಹಕ್ಕುಗಳಲ್ಲಿ ಹೆಚ್ಚಿನವು 'ಒಬ್ಬ'ನಿಗೆ ಸೇರಿದವು. ಯಾಕೆ ಹೀಗೆ? ಆ ಒಬ್ಬನನ್ನು ನಾವು ನಿಜವಾಗಿ ಒಪ್ಪಿಕೊಂಡಿದ್ದೇವೆಯೆ?

ಹಕ್ಕಿಲ್ಲದ ಕಾಲ ಹೇಗಿತ್ತೆಂದು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋದರೆ ಸಾಕು. 1942ರಲ್ಲಿ ಆ ಊರಿನವರು ತಮ್ಮದು ಸ್ವತಂತ್ರ ಎಂದು ಸಾರಿ, ಎಳೆಯ ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಸರ್ಕಾರದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಊರಿಗೆ ಬಂದಾಗ ನಡೆದ ಗಲಭೆಯಲ್ಲಿ ಆ ಇಬ್ಬರೂ ಸತ್ತರು. ಆಮೇಲೆ ಊರು ಸುಲಿಗೆಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನಾವು ಆ ಐವರನ್ನು ಹುತಾತ್ಮರೆಂದು ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಈಸೂರಿನಲ್ಲಿ ಎರಡು ಬಗೆಯ ಸಾವಿದೆ. ಪ್ರಭುತ್ವ ಕೊಂದವರಿದ್ದಾರೆ, ಗುಂಪು ಕೊಂದವರೂ ಇದ್ದಾರೆ. ಬರಲಿದ್ದ ಸಂವಿಧಾನ ಈ ಎರಡರ ನಡುವೆ ಮನುಷ್ಯನನ್ನು ನಿಲ್ಲಿಸಿ ಕಾಯಬೇಕಿತ್ತು.

ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ದೇಶದಲ್ಲೇ ಮುಂದುವರಿದ ಸಂಸ್ಥಾನ ಎಂಬ ಹೆಸರೂ ಇತ್ತು. ಆದರೆ ಆಗ 'ಪ್ರಜೆ' ಎಂದರೆ ಅರಸನ ಅಧೀನದಲ್ಲಿರುವವನು. ಕೇಳಿಕೊಳ್ಳಬಹುದಿತ್ತು, ಕೇಳಬಹುದಿರಲಿಲ್ಲ. 1947ರ ಆಗಸ್ಟಿನಲ್ಲಿ ಬ್ರಿಟಿಷರು ಹೋದರೂ ಮೈಸೂರಿನವರು ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿಯನ್ನೇ ಮಾಡಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. 1949ರ ನವೆಂಬರ್ 25ರಂದು ಮಹಾರಾಜ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಘೋಷಿಸಿದರು. ಮರುದಿನ ದೆಹಲಿಯಲ್ಲಿ ಸಂವಿಧಾನ ಅಂಗೀಕಾರವಾಯಿತು. ಅದೇ 'ಪ್ರಜೆ' ಎಂಬ ಮಾತು ಹೊಸ ಗ್ರಂಥದಲ್ಲಿ ಒಡೆಯನ ಜಾಗದಲ್ಲಿ ಕೂತಿತು.

ಈ ಕೆಲಸದಲ್ಲಿ ನಮ್ಮ ಕಡೆಯವರ ಕೈಯೂ ಇತ್ತು. ಮೈಸೂರಿನಿಂದ ಸಂವಿಧಾನ ಸಭೆಗೆ ಹೋದವರಲ್ಲಿ ಎಸ್.ವಿ. ಕೃಷ್ಣಮೂರ್ತಿರಾಯರು ಒಬ್ಬರು. 1962ರಲ್ಲಿ ಅವರು ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಉಪಸಭಾಧ್ಯಕ್ಷರಾದರು. ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಮಾಡಿದ ಬೆನಗಲ್ ನರಸಿಂಗರಾಯರು ಕರಾವಳಿಯ ಮನೆತನದವರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯಲ್ಲಿದ್ದರು. ಅದೇ ಸಮಿತಿಯಲ್ಲಿ ಅಸ್ಸಾಮಿನ ಸೈಯದ್ ಮುಹಮ್ಮದ್ ಸಾದುಲ್ಲಾ ಅವರೂ ಇದ್ದರು ಎಂಬುದನ್ನು ನಮ್ಮವರಲ್ಲೇ ಬಹಳ ಮಂದಿ ಮರೆತಿದ್ದಾರೆ.

1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟ ಅಂಬೇಡ್ಕರ್ ಆಡಿದ ಒಂದು ಮಾತು ಹಲವರಿಗೆ ನೋವು ಮಾಡಿತು. ಹಳ್ಳಿಯನ್ನೇ ರಾಜ್ಯದ ಬುನಾದಿ ಮಾಡಬೇಕೆಂದು ಕೇಳುತ್ತಿದ್ದವರಿಗೆ ಅವರು, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ತನ್ನ ಘಟಕವಾಗಿ ಹಿಡಿದಿರುವುದು ತಮಗೆ ಸಂತೋಷದ ಸಂಗತಿ ಎಂದರು. ಹಳ್ಳಿ ಎಂದರೆ ಹಸಿರು, ಹೊಳೆ, ನೆರೆಹೊರೆ ಎಂದುಕೊಂಡವರಿಗೆ ಇದು ಕಠಿಣವಾಗಿ ಕೇಳಿಸಿತು. ಆದರೆ ಊರ ಬಾವಿಯ ಹತ್ತಿರಕ್ಕೆ ಬಿಟ್ಟುಕೊಳ್ಳದ ಹಳ್ಳಿಯನ್ನು ಅವರು ಕಂಡಿದ್ದರು. ಆ ಬಾವಿಯನ್ನು ಕಾಯುತ್ತಿದ್ದವನು ಬ್ರಿಟಿಷ್ ಪೊಲೀಸನಲ್ಲ, ಊರಿನ 'ನಾವು'. ಆದ್ದರಿಂದಲೇ ಸಂವಿಧಾನದ ಹಕ್ಕುಗಳು ಸರ್ಕಾರದ ಕೈಯನ್ನು ಮಾತ್ರ ಕಟ್ಟಲಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಎಲ್ಲರಿಗೂ ತೆರೆಯಿತು. ಇವು ನೆರೆಯವನ ವಿರುದ್ಧ ನೆರೆಯವನಿಗೆ ಕೊಟ್ಟ ಹಕ್ಕುಗಳು.

ಮುಸ್ಲಿಮರ ಪ್ರಶ್ನೆ 1949ರ ಮೇ ತಿಂಗಳಲ್ಲಿ ಬಂತು. ಶಾಸನಸಭೆಗಳಲ್ಲಿ ಅಲ್ಪಸಂಖ್ಯಾತರಿಗೆ ಸ್ಥಾನ ಮೀಸಲಿರಬೇಕೆ? ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಇರಬೇಕು ಎಂದರು, ಪ್ರತ್ಯೇಕ ಮತದಾರ ಕ್ಷೇತ್ರವೇ ಬೇಕೆಂದರು. ಬೇಗಂ ಐಜಾಜ್ ರಸೂಲ್ ಬೇಡ ಎಂದರು. ದೇಶ ಒಡೆದ ಗಾಯ ಹಸಿಯಾಗಿದ್ದ ದಿನಗಳಲ್ಲಿ ಒಬ್ಬ ಮುಸ್ಲಿಂ ಹೆಂಗಸು ಎದ್ದು ನಿಂತು, ಮೀಸಲು ಸ್ಥಾನ ನಮ್ಮನ್ನು ಉಳಿದವರಿಂದ ಬೇರೆ ಮಾಡಿ ನಮಗೇ ಕೇಡು ತರುತ್ತದೆ ಎಂದು ವಾದಿಸಿದ್ದು ಸುಲಭದ ಸಂಗತಿಯಲ್ಲ. ಸಭೆ ಅವರ ದಾರಿಯನ್ನೇ ಹಿಡಿಯಿತು. ಇಸ್ಮಾಯಿಲ್ ಸಾಹೇಬರ ಆತಂಕಕ್ಕೂ ಕಾರಣಗಳಿದ್ದವು, ಅವು ಪೂರ್ತಿ ಸುಳ್ಳಾಗಿಲ್ಲ ಎಂಬುದನ್ನೂ ನಾವು ಕಂಡಿದ್ದೇವೆ. ಆದರೆ ಉಳಿದದ್ದು ಏನು ಎಂಬುದನ್ನು ನೋಡಬೇಕು. 29 ಮತ್ತು 30ನೇ ವಿಧಿಗಳು ಭಾಷೆ, ಲಿಪಿ, ಶಾಲೆಗಳ ವಿಷಯದಲ್ಲಿ ಸಮುದಾಯಗಳಿಗೆ ರಕ್ಷಣೆ ಕೊಟ್ಟವು. ನಾವು ಉರ್ದು ಕಲಿತದ್ದು ಆ ನೆರಳಿನಲ್ಲಿ. ಆದರೆ 25ನೇ ವಿಧಿ, ಧರ್ಮದ ಸ್ವಾತಂತ್ರ್ಯದ ವಿಧಿ, 'ಎಲ್ಲ ವ್ಯಕ್ತಿಗಳಿಗೂ' ಎನ್ನುತ್ತದೆ. ಅದು ಮೊದಲು ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಅಂತಃಸಾಕ್ಷಿ ಎಂಬುದು ಜಮಾತಿಗೆ ಇರುವುದಿಲ್ಲ. ಅದು ಇರುವುದು ಒಬ್ಬೊಬ್ಬರ ಎದೆಯಲ್ಲಿ.

ಬರೆದ ಹಕ್ಕು ನೆಲಕ್ಕೆ ಬಂದಾಗ ಏನಾಯಿತೆಂಬುದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿ ಅಳೆಯುವ ಕೊಳಗ ನ್ಯಾಯವಾಗಿರಬೇಕು, ಉಳುವ ಹೊಲದಿಂದ ಎಬ್ಬಿಸಬಾರದು ಎಂಬುದು ಅವರ ಅಳಲು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಸಂವಿಧಾನಕ್ಕೆ ಒಂದೂಕಾಲು ವರ್ಷ. ಅದರಲ್ಲಿ ಆಸ್ತಿಯ ಹಕ್ಕೂ ಮೂಲಭೂತವಾಗಿತ್ತು. ಅಂದರೆ ಒಡೆಯನ ಕೈಯಲ್ಲೂ ಹಕ್ಕು, ಗೇಣಿದಾರನ ಬಾಯಲ್ಲೂ ಹಕ್ಕು.

ಅದೇ ವರ್ಷದ ಜೂನ್ 18ರಂದು ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಯಿತು. ಅದು ಒಂದು ಕೈಯಲ್ಲಿ ಜಮೀನು ಸುಧಾರಣೆಗೆ ದಾರಿ ಮಾಡಿತು, ಇನ್ನೊಂದು ಕೈಯಲ್ಲಿ ಮಾತಿನ ಹಕ್ಕಿಗೆ ಹೊಸ ಬೇಲಿ ಹಾಕಿತು. ಮೂಲ ಸಂವಿಧಾನದಲ್ಲಿ ಮಾತಿಗೆ ಮಿತಿ ಹಾಕಲು 'ಸಾರ್ವಜನಿಕ ಸುವ್ಯವಸ್ಥೆ' ಎಂಬ ಕಾರಣ ಇರಲಿಲ್ಲ. ಮದ್ರಾಸ್ ಸರ್ಕಾರ 'ಕ್ರಾಸ್‌ರೋಡ್ಸ್' ಪತ್ರಿಕೆಯನ್ನು ತಡೆದಾಗ ಸುಪ್ರೀಂ ಕೋರ್ಟು 1950ರಲ್ಲಿ ಅದೇ ಕಾರಣಕ್ಕೆ ಆ ಆಜ್ಞೆಯನ್ನು ತಳ್ಳಿಹಾಕಿತ್ತು. ತಿದ್ದುಪಡಿ ಆ ಕಾರಣವನ್ನು ಒಳಗೆ ತಂದಿತು. ಮಿತಿ 'ಸಮಂಜಸ'ವಾಗಿರಬೇಕು ಎಂಬ ಮಾತನ್ನೂ ಸೇರಿಸಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದದ್ದು 1978ರ 44ನೇ ತಿದ್ದುಪಡಿಯಲ್ಲಿ. ಹಾಗಾಗಿ ಹಕ್ಕುಗಳು ಆಕಾಶದಿಂದ ಇಳಿದವಲ್ಲ. ಮನುಷ್ಯರು ಜಗಳವಾಡಿ, ತೂಗಿ ನೋಡಿ ಇಟ್ಟುಕೊಂಡವು. ಇಟ್ಟುಕೊಂಡವರು ಕಾಯಲೂ ಬೇಕು.

ಈಗ ನಾವು ಹೇಳಲು ಹಿಂಜರಿಯುತ್ತಿರುವ ಸಂಗತಿಗೆ ಬರುತ್ತೇವೆ.

2010ರ ಮಾರ್ಚ್ 1. ಹಿಂದಿನ ದಿನ ಕನ್ನಡದ ದಿನಪತ್ರಿಕೆಯೊಂದರಲ್ಲಿ ಬುರ್ಖಾ ಕುರಿತು ತಸ್ಲೀಮಾ ನಸ್ರೀನ್ ಹೆಸರಿನ ಲೇಖನದ ಅನುವಾದ ಬಂದಿತ್ತು. ಅದನ್ನು ವಿರೋಧಿಸಿ ಶಿವಮೊಗ್ಗದಲ್ಲೂ ಹಾಸನದಲ್ಲೂ ಪ್ರತಿಭಟನೆ ನಡೆದು ಹಿಂಸೆಗೆ ತಿರುಗಿತು. ಶಿವಮೊಗ್ಗದಲ್ಲಿ ಇಬ್ಬರ ಜೀವ ಹೋಯಿತು. ಕರ್ಫ್ಯೂ ಬಿತ್ತು. ತಾನು ಕರ್ನಾಟಕದ ಯಾವ ಪತ್ರಿಕೆಗೂ ಬರೆದಿಲ್ಲ ಎಂದು ಲೇಖಕಿ ಆಮೇಲೆ ಹೇಳಿದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ನಾವು ಆಗ ಭದ್ರಾವತಿಯಲ್ಲಿದ್ದೆವು. ನಾಲ್ಕಾರು ಕಥೆ ಅಚ್ಚಾಗಿ, ಬರೆಯುವವರು ಎಂಬ ಹೆಸರು ಮೊಹಲ್ಲಾದಲ್ಲಿ ಆಗಷ್ಟೇ ಬಂದಿತ್ತು. ಮಸೀದಿಯ ಎದುರಿನ ಚಹಾದ ಅಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದರು: "ನೀವು ಬರೆಯೋರು. ಇದಕ್ಕೆ ಏನಂತೀರಿ ಭಾಯಿ?" ಹಾಗೆ ಬರೆಯಬಾರದಿತ್ತು ಎಂದೆವು. ಅದೇ ಸಂಜೆ ಕನ್ನಡದ ಗೆಳೆಯರೊಬ್ಬರು ಫೋನು ಮಾಡಿದರು. ಅವರಿಗೆ, ಬೀದಿಗೆ ಇಳಿಯಬಾರದಿತ್ತು ಎಂದೆವು. ಎರಡೂ ಮಾತು ನಮ್ಮ ಮನಸ್ಸಿನಲ್ಲಿದ್ದವೇ. ಆದರೆ ಚಹಾದ ಅಂಗಡಿಯಲ್ಲಿ ಆಡಬೇಕಾದದ್ದನ್ನು ಫೋನಿನಲ್ಲೂ, ಫೋನಿನಲ್ಲಿ ಆಡಬೇಕಾದದ್ದನ್ನು ಚಹಾದ ಅಂಗಡಿಯಲ್ಲೂ ಆಡಿದೆವು. ಕೇಳುವವರಿಗೆ ಹಿತವಾದದ್ದನ್ನು ಹೇಳಿದ್ದೆವು, ಬೇಕಾದದ್ದನ್ನಲ್ಲ. ಪತ್ರಿಕೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಯಾರೂ ಬರೆಯಬೇಡಿ ಎಂದು ತಡೆದಿರಲಿಲ್ಲ. 19ನೇ ವಿಧಿ ಕೊಟ್ಟ ಹಕ್ಕು ನಮ್ಮ ಜೇಬಿನಲ್ಲೇ ಇತ್ತು, ನಾವೇ ತೆಗೆಯಲಿಲ್ಲ.

ಆ 19ನೇ ವಿಧಿಯಲ್ಲಿ ಮಾತಿನ ಹಕ್ಕೂ ಇದೆ, ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕೂ ಇದೆ. ಬರೆದವರಿಗೆ ಮೊದಲನೆಯದು, ಬೇಸರಗೊಂಡವರಿಗೆ ಎರಡನೆಯದು. ಬೇಸರವಾದದ್ದು ತಪ್ಪಲ್ಲ. ಅದನ್ನು ತೋರಿಸಲು ದಾರಿಯೂ ಇತ್ತು. ಆದರೆ ಕಲ್ಲು ಹಿಡಿದವರು ಯಾವ ಗುಂಪಿನವರೇ ಆಗಿರಲಿ, ಬೆಂಕಿ ಇಟ್ಟವರು ಯಾರೇ ಆಗಿರಲಿ, ಅವರು ತಮ್ಮ ಹಕ್ಕಿನ ಹೊರಗೆ ಹೋಗಿದ್ದರು. ಆ ಹೊತ್ತಿನಲ್ಲಿ ಉಸ್ತಾದರ ಮಾತು ನೆನಪಾಗಿ ನಮಗೆ ಮತ್ತೆ ಹೆದರಿಕೆಯಾಯಿತು. ಸತ್ತ ಇಬ್ಬರ ಹಕ್ಕು ಯಾರ ತಲೆಯ ಮೇಲಿದೆ? ಒಬ್ಬ ಮಾಡಿದ ತಪ್ಪಿಗೆ ಅವನು ಹೋಗಿ ಮಾಫಿ ಕೇಳಬಹುದು. ಗುಂಪು ಮಾಡಿದ ತಪ್ಪಿಗೆ ಕೇಳುವವರು ಯಾರು? ಸಂಜೆಯಾಗುತ್ತಲೇ ಗುಂಪು ಕರಗಿಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ಊಟ ಮಾಡುತ್ತಾರೆ. ಹೆಣದ ಮನೆಯವರ ಮುಂದೆ ನಿಲ್ಲಲು ಯಾರೂ ಉಳಿದಿರುವುದಿಲ್ಲ. ಹಕ್ಕು ಯಾಕೆ ಒಬ್ಬನದಾಗಿರಬೇಕು ಎಂಬುದಕ್ಕೆ ನಮಗೆ ಉತ್ತರ ಸಿಕ್ಕಿದ್ದು ಇಲ್ಲಿ. ನೋವು ಒಬ್ಬೊಬ್ಬರಿಗೇ ಆಗುತ್ತದೆ, ಸಾವೂ ಒಬ್ಬೊಬ್ಬರಿಗೇ ಬರುತ್ತದೆ, ಲೆಕ್ಕ ಕೊಡುವಾಗಲೂ ಒಬ್ಬೊಬ್ಬರೇ ನಿಲ್ಲಬೇಕು. 'ನಾವು' ಎಂಬುದರ ಹಿಂದೆ ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ.

ಆ ಗದ್ದಲದಲ್ಲಿ ಇನ್ನೊಂದು ಸಂಗತಿಯೂ ಮರೆತುಹೋಯಿತು. ಲೇಖನ ಇದ್ದದ್ದು ಹೆಂಗಸಿನ ಉಡುಪಿನ ಬಗ್ಗೆ. ಆದರೆ ಬೀದಿಯಲ್ಲಿ, ಪತ್ರಿಕೆಯಲ್ಲಿ, ನಮ್ಮ ಚಹಾದ ಅಂಗಡಿಯಲ್ಲಿ ಮಾತಾಡಿದವರು ಹೆಚ್ಚಾಗಿ ಗಂಡಸರು. ಆ ಉಡುಪು ತೊಡುವವಳನ್ನೋ ತೊಡದವಳನ್ನೋ ಕೂರಿಸಿ, ನಿನಗೆ ಏನನಿಸುತ್ತದಮ್ಮ ಎಂದು ಯಾರೂ ಕೇಳಲಿಲ್ಲ.

ಹನ್ನೆರಡು ವರ್ಷದ ಮೇಲೆ ಅದೇ ಪ್ರಶ್ನೆ ಮಗ್ಗುಲು ಬದಲಿಸಿ ಬಂತು. 2022ರಲ್ಲಿ ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ ಫೆಬ್ರವರಿ ಹೊತ್ತಿಗೆ ಶಿವಮೊಗ್ಗದ ಕಾಲೇಜು ಅಂಗಳಕ್ಕೂ ಬಂತು, ನಿಷೇಧಾಜ್ಞೆಯೂ ಬಂತು. ನಮ್ಮ ಅಕ್ಕನ ಮಗಳು ಆಗ ಶಿವಮೊಗ್ಗದಲ್ಲಿ ಓದುತ್ತಿದ್ದಳು. ದುಪಟ್ಟಾ ತಲೆಯ ಮೇಲಿದ್ದ ಕಾರಣಕ್ಕೆ ಗೇಟಿನ ಹೊರಗೆ ನಿಂತು ವಾಪಸು ಬಂದಳು. ಈ ಸಲ ನಾವು ಸುಮ್ಮನಿರಲಿಲ್ಲ. ಅಂತಃಸಾಕ್ಷಿ, ವ್ಯಕ್ತಿಯ ಘನತೆ, ಓದುವ ಹಕ್ಕು ಎಲ್ಲವನ್ನೂ ಎತ್ತಿ ಬರೆದೆವು. ಅವಳು ಏನು ತೊಡಬೇಕೆಂಬುದು ಅವಳ ಆಯ್ಕೆ ಎಂದು ಒತ್ತಿ ಹೇಳಿದೆವು. ಮಾರ್ಚ್ 15ರಂದು ಹೈಕೋರ್ಟು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಹುಡುಗಿಯರ ಪರ ಬರೆದ ನ್ಯಾಯಮೂರ್ತಿ ಧೂಲಿಯಾ ಅವರ ತೀರ್ಪಿನ ತಿರುಳೂ ಆಯ್ಕೆಯೇ ಆಗಿತ್ತು. ಅದನ್ನು ನಾವು ಬಹಳ ಜನರಿಗೆ ಓದಿ ಹೇಳಿದೆವು.

ಹೋದ ವರ್ಷ ಅಕ್ಕನ ಫೋನು ಬಂತು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಅವಳು ತಲೆಯ ಮೇಲೆ ದುಪಟ್ಟಾ ಹಾಕುವುದನ್ನು ಬಿಟ್ಟಿದ್ದಾಳಂತೆ. ಮನೆಯಲ್ಲಿ ಅಳು, ನೆಂಟರಲ್ಲಿ ಗುಸುಗುಸು. "ನಿನ್ನ ಮಾತು ಅವಳು ಕೇಳ್ತಾಳೆ, ಒಂದು ಸಲ ಹೋಗಿ ಬುದ್ಧಿ ಹೇಳು" ಎಂದರು ಆಪಾ. ನಾವು ಹೊರಟೆವು. ಭದ್ರಾವತಿಯಿಂದ ಬೆಂಗಳೂರು ಸೇರುವವರೆಗೂ ಏನೇನು ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಳ್ಳುತ್ತ ಹೋದೆವು. ಮನೆತನ, ಅಮ್ಮನ ಆರೋಗ್ಯ, ಮುಂದೆ ಮದುವೆ.

ಅವಳು ಚಹಾ ಮಾಡಿ ತಂದು ಎದುರಿಗೆ ಕೂತಳು. ನಮ್ಮ ಮಾತು ಅರ್ಧ ಆಗುವವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು: "ಮಾಮು, ಆವತ್ತು ಗೇಟಿನ ಹತ್ತಿರ ನಿಂತಾಗ ಅದು ನನ್ನ ಹಕ್ಕು ಅಂತ ನೀವೇ ಬರೆದಿದ್ರಿ. ನಾನು ಆ ಪೇಪರ್ ಇನ್ನೂ ಇಟ್ಕೊಂಡಿದ್ದೀನಿ. ಈಗಲೂ ಅದೇ ಹಕ್ಕು ಅಲ್ವಾ? ಇಲ್ಲ ಅಂದ್ರೆ, ಆವತ್ತು ನೀವು ಬರೆದಿದ್ದು ನನ್ನ ಬಗ್ಗೆ ಅಲ್ಲ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವಳು ನಮಾಜು ಬಿಟ್ಟಿರಲಿಲ್ಲ, ಮಾತಿನಲ್ಲಿ ಅದಬು ಬಿಟ್ಟಿರಲಿಲ್ಲ. ಬಿಟ್ಟಿದ್ದರೂ ಪ್ರಶ್ನೆ ಬದಲಾಗುತ್ತಿರಲಿಲ್ಲ ಎಂಬುದು ನಮಗೆ ಹೊಳೆದದ್ದು ವಾಪಸು ಬರುವಾಗ. ಗೇಟಿನಲ್ಲಿ ತಡೆದವರು ಹೊರಗಿನವರಾದಾಗ ನಮಗೆ ಸಂವಿಧಾನ ನೆನಪಾಗಿತ್ತು. ತಡೆಯುವವರು ನಾವೇ ಆದಾಗ ಮನೆತನ ನೆನಪಾಗಿತ್ತು. ಹುಡುಗಿ ಒಬ್ಬಳೇ, ದುಪಟ್ಟಾ ಒಂದೇ. ತೊಡುವವಳಿಗೆ ಇರುವ ನೆರಳು ತೊಡದವಳಿಗೂ ಇರದಿದ್ದರೆ, ನಾವು ಕಾಯುತ್ತಿರುವುದು ಅವಳ ಹಕ್ಕನ್ನಲ್ಲ, ನಮ್ಮ ಮರ್ಯಾದೆಯನ್ನು.

ಇದು ಮುಸ್ಲಿಮರ ಮನೆಯ ಮಾತು ಮಾತ್ರ ಎಂದು ಉಳಿದ ಓದುಗರು ಭಾವಿಸಬಾರದು. ಜಾತಿ ಬಿಟ್ಟು ಮದುವೆಯಾದ ಮಗಳು, ಮನೆದೇವರಿಗೆ ನಡೆದುಕೊಳ್ಳದ ಮಗ, ಊರು ಒಪ್ಪದ ಮಾತಾಡಿದ ಮೇಷ್ಟ್ರು ಎಲ್ಲ ಕೇರಿಯಲ್ಲೂ ಇದ್ದಾರೆ. ಸರ್ಕಾರ ನಮ್ಮ ಹಕ್ಕಿಗೆ ಕೈಹಾಕಿದಾಗ ಕೂಗುವುದು ಬೇಕು, ಕೂಗಲೇಬೇಕು. ಆದರೆ ಆ ಕೂಗಿಗೆ ಬೆಲೆ ಬರುವುದು, ನಮ್ಮ ನಡುವಿನ ಒಬ್ಬಂಟಿಯ ಹಕ್ಕಿಗೆ ನಾವೇ ಕೈಹಾಕದೆ ಇದ್ದಾಗ.

ಹಾಗೆಂದು 'ನಾವು' ಬೇಡವೆಂದಲ್ಲ. ಒಂಟಿಯಾಗಿ ಯಾರೂ ಬದುಕಲಾರರು. ಈಸೂರಿನವರೂ ಕಾಗೋಡಿನವರೂ ಒಟ್ಟಿಗೆ ನಿಂತದ್ದರಿಂದಲೇ ಅಷ್ಟು ಮಾಡಿದರು. ನಮ್ಮ ನಮಾಜನ್ನೇ ನೋಡಿ. ಭುಜಕ್ಕೆ ಭುಜ ತಾಗಿಸಿ ಒಂದೇ ಸಫ್ಪಿನಲ್ಲಿ ನಿಲ್ಲುತ್ತೇವೆ, ಒಬ್ಬ ಇಮಾಮರ ಹಿಂದೆ ಒಟ್ಟಿಗೆ ಬಾಗುತ್ತೇವೆ. ಆದರೆ ನಿಯ್ಯತ್ತನ್ನು ಒಬ್ಬೊಬ್ಬರೂ ತಾವೇ ಮಾಡಬೇಕು. ಪಕ್ಕದವನ ನಿಯ್ಯತ್ತನ್ನು ನಾವು ಮಾಡಲು ಬರುವುದಿಲ್ಲ, ಅದು ಏನೆಂದು ಕೇಳುವ ಹಾಗೂ ಇಲ್ಲ. 1949ರಲ್ಲಿ ದೆಹಲಿಯಲ್ಲಿ ಕೂತವರು ಒಂದು ದೇಶಕ್ಕೆ ಹೇಳಿದ್ದು ಸುಮಾರಾಗಿ ಇದೇ ಎಂದು ನಮಗನಿಸುತ್ತದೆ.

ಭದ್ರಾವತಿಗೆ ವಾಪಸು ಬಂದಾಗ ಆಪಾ ಬಾಗಿಲಲ್ಲೇ ನಿಂತಿದ್ದರು. "ಬುದ್ಧಿ ಹೇಳಿದೆಯಾ?" ಎಂದು ಕೇಳಿದರು. "ಇಲ್ಲ ಆಪಾ, ಅವಳು ಹೇಳಿದ್ದು ಕೇಳಿಸಿಕೊಂಡು ಬಂದೆ" ಎಂದೆವು. ಅವರಿಗೆ ಸಿಟ್ಟು ಬಂತು. ಎರಡು ತಿಂಗಳು ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಮಗಳು ರಜೆಗೆ ಬಂದು ಹೋಗುತ್ತಾಳೆ. ಆಪಾ ಅವಳಿಗೆ ಇಷ್ಟವಾದ ಅಡುಗೆ ಮಾಡಿ ಬಡಿಸುತ್ತಾರೆ, ಬಡಿಸುತ್ತ ತಲೆಯ ಕಡೆ ಒಮ್ಮೆ ನೋಡುತ್ತಾರೆ, ಏನೂ ಅನ್ನುವುದಿಲ್ಲ.